ಕೆಮ್ಮಿಗೊಂದು ಸಾಲು

ರೆಕಾರ್ಡ್ ಆರು ನಿಮಿಷ ನಲವತ್ತು ಸೆಕೆಂಡಿಗೆ ಬಂದಾಗ ಅವಳು ಮತ್ತೊಮ್ಮೆ ಮೇಜಿನ ಕೆಳಗಿನ ಪೆಡಲಿನ ಎಡಗಡೆ ಒತ್ತಿದಳು. ಧ್ವನಿ ನಾಲ್ಕು ಸೆಕೆಂಡು ಹಿಂದಕ್ಕೆ ಹೋಯಿತು. ಚಪ್ಪಲಿ ಬಿಚ್ಚಿಟ್ಟು ಬರಿಗಾಲಿನಿಂದ ಒತ್ತುವುದು ಅವಳ ಅಭ್ಯಾಸ. ಬಲಗಡೆ ಒತ್ತಿದರೆ ಮಾತು ಓಡುತ್ತದೆ, ಎಡಗಡೆ ಒತ್ತಿದರೆ ಹಿಂದೆ ಬರುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಹನ್ನೊಂದು ವರ್ಷದಲ್ಲಿ ಬಲಗಾಲಿನ ಹೆಬ್ಬೆರಳು ಕೈಬೆರಳಷ್ಟೇ ಚುರುಕಾಗಿತ್ತು.

"ಮಗುವನ್ನ ನೀವೇ ನೋಡ್ಕೋಬೇಕು ಅಂತ ಅನ್ಸುತ್ತಾ?" ಇದು ಸಂಶೋಧಕಿಯ ಧ್ವನಿ.

"ಅನ್ಸುತ್ತೆ ಮೇಡಂ. ಅದಕ್ಕೆ ನನ್ನ ಗುರುತಿದೆ. ನಾನು ಹತ್ರ ಹೋದ್ರೆ ಸಾಕು, ಕಾಲು ಬಡಿಯುತ್ತೆ. ಆದ್ರೆ ಅವರು..."

ಕೆಮ್ಮು. ಎರಡು ಸಲ, ಒಣ ಕೆಮ್ಮು. ಅದರ ಬೆನ್ನಿಗೇ ಟಕ್ ಎಂದು ಏನೋ ಮುಚ್ಚಿದ ಸದ್ದು.

"ಅಲ್ಲ, ಅವರ ಹತ್ರ ಇರೋದೇ ಒಳ್ಳೇದು. ನನಗೂ ಹಗುರ."

ಅವಳು ಕಾಲೆತ್ತಿದಳು. ಈ ಚೂರನ್ನು ಕೇಳುತ್ತಿರುವುದು ಇದು ನಾಲ್ಕನೆಯ ಸಲ. ಕೆಮ್ಮಿದ್ದು ಆ ತಾಯಿಯಲ್ಲ, ಸಂಶೋಧಕಿಯೂ ಅಲ್ಲ. ಸಂಶೋಧಕಿಯ ಕೆಮ್ಮು ಅವಳಿಗೆ ಗೊತ್ತು. ಪಕ್ಕದ ಕೋಣೆಯಿಂದ ದಿನಾ ಕೇಳಿಸುತ್ತದೆ.

ಅವಳು ಕೆಲಸ ಮಾಡುವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತಿದ್ದ ಅಧ್ಯಯನ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬಂದ ತಾಯಂದಿರ ಕುರಿತಾದದ್ದು. ನಲವತ್ತು ಮನೆ. ಪ್ರತಿ ಮನೆಗೂ ಒಂದು ನಂಬರು, ಹೆಸರಿಲ್ಲ. ತಾಯಿಯ ಮಾತು 'ಎ', ಮನೆಯವರೊಬ್ಬರ ಮಾತು 'ಬಿ'. ಸಂಶೋಧಕಿ ಮನೆಮನೆಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರುತ್ತಾಳೆ, ಇವರು ಇಬ್ಬರು ಕೂತು ಕೇಳಿಸಿಕೊಂಡು ಟೈಪ್ ಮಾಡುತ್ತಾರೆ. 'ಎ' ಎಲ್ಲ ಇವಳಿಗೆ, 'ಬಿ' ಎಲ್ಲ ಪಕ್ಕದ ಮೇಜಿನವಳಿಗೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದಂತೆ. ಟೈಪಾದದ್ದು ನಿರ್ದೇಶಕರಿಗೆ ಹೋಗುತ್ತದೆ. ಅವರು ರೆಕಾರ್ಡ್ ಕೇಳುವುದಿಲ್ಲ, ಓದುತ್ತಾರೆ. ಒಮ್ಮೆ ಅವರ ಫೋಲ್ಡರಿಗೆ ಹೋದ ಮೇಲೆ ಒಂದು ಚುಕ್ಕೆಯನ್ನೂ ಬದಲಾಯಿಸುವಂತಿಲ್ಲ.

ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ನಿಯಮಗಳ ಹಾಳೆ ಇತ್ತು. ರೆಕಾರ್ಡಿನಲ್ಲಿ ಇರುವುದೆಲ್ಲ ಬರಬೇಕು, ಇಲ್ಲದ್ದು ಬರಬಾರದು. ಮಾತಾಡುವವರ ನಗು, ಅಳು, ಮೌನವನ್ನು ಆವರಣದಲ್ಲಿ ಹಾಕಬೇಕು. ಮೌನ ಎಷ್ಟು ಸೆಕೆಂಡು ಎಂದು ಬರೆಯಬೇಕು. ಫ್ಯಾನು, ಗಾಡಿ, ಪಾತ್ರೆಗಳ ಸದ್ದು ಬೇಡ. ಈಗ ಕೇಳುತ್ತಿದ್ದ ಇಪ್ಪತ್ಮೂರನೇ ಮನೆಯ ಫಾರಂ ಮೇಜಿನ ಮೇಲಿತ್ತು. ಅದರಲ್ಲಿ 'ಸಂದರ್ಶನದ ಸಮಯದಲ್ಲಿ ತಾಯಿ' ಎಂಬುದರ ಮುಂದೆ ಎರಡು ಚೌಕ: ಒಬ್ಬರೇ, ಇತರರೊಂದಿಗೆ. 'ಒಬ್ಬರೇ' ಎಂಬಲ್ಲಿ ಸಂಶೋಧಕಿಯ ನೀಲಿ ಟಿಕ್.

ಅವಳು ಹೆಡ್‌ಫೋನ್ ತೆಗೆದು ಪಕ್ಕದ ಮೇಜಿಗೆ ಚಾಚಿದಳು. "ಇದೊಂದು ಚೂರು ಕೇಳ್ತೀಯಾ?"

ಪಕ್ಕದ ಮೇಜಿನವಳನ್ನು ಇಡೀ ಕೇಂದ್ರ ಕರೆಯುತ್ತಿದ್ದದ್ದು 'ರೇಡಿಯೋ' ಎಂದೇ. ಹಾಕಿದರೆ ನಿಲ್ಲದ ಹೆಂಗಸು. ಅವಳೂ ಅದನ್ನು ಬಿರುದಿನಂತೆ ಒಪ್ಪಿಕೊಂಡಿದ್ದಳು.

"ನಿಂದು ನಾನು ಕೇಳಬಾರದಲ್ಲಮ್ಮಾ. ರೂಲ್ಸು," ಎನ್ನುತ್ತಲೇ ರೇಡಿಯೋ ಹೆಡ್‌ಫೋನ್ ಕಿವಿಗೆ ಏರಿಸಿಕೊಂಡಳು. ಕೇಳಿದಳು. "ಯಾರೋ ಕೆಮ್ಮಿದ್ರು. ಅದಕ್ಕೇನೀಗ? ಕಷಾಯ ಕಳಿಸ್ಬೇಕಾ?"

"ಯಾರು ಕೆಮ್ಮಿದ್ದು?"

"ಪಕ್ಕದ ಮನೆಯವರಿರ್ತಾರೆ. ಕಿಟಕಿ ತೆಗೆದಿರುತ್ತೆ. ನಮ್ಮ ಮನೇಲಂತೂ ಎದುರುಮನೆಯವರು ಆಕಳಿಸಿದ್ರೆ ನಮಗೆ ನಿದ್ದೆ ಬರುತ್ತೆ."

"ಕೆಮ್ಮಿದ ತಕ್ಷಣ ಮಾತು ಬದಲಾಯ್ತಲ್ಲ."

ರೇಡಿಯೋ ಅವಳನ್ನು ಒಂದು ಗಳಿಗೆ ನೋಡಿದಳು. "ನೀನು ಟೈಪ್ ಮಾಡೋಕೆ ಬಂದಿದ್ದೀಯೋ ಪತ್ತೇದಾರಿಕೆ ಮಾಡೋಕೋ? ಬೇಗ ಮುಗಿಸು, ಆ ಸಾಲಿಗೋಸ್ಕರ ಮೇಡಂ ಕಾಯ್ತಿದಾರೆ. ವರದಿಯ ಮೊದಲನೇ ಪುಟಕ್ಕೆ ಹಾಕ್ತಾರಂತೆ."

"ಯಾವ ಸಾಲು?"

"ಅದೇ. ಅವರ ಹತ್ರ ಇರೋದೇ ಒಳ್ಳೇದು, ನನಗೂ ಹಗುರ. ಬೆಳಗ್ಗೆಯಿಂದ ಅದನ್ನೇ ಹಾಡ್ತಾ ಓಡಾಡ್ತಿದಾರೆ. ವರದಿ ಆಸ್ಪತ್ರೆಗಳಿಗೆಲ್ಲ ಹೋಗುತ್ತಂತಲ್ಲ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಆದರೆ ಕಾಲು ಪೆಡಲಿನ ಮೇಲೆ ಹೋಗಲಿಲ್ಲ. ವರದಿ ಹೇಳಹೊರಟಿದ್ದೇನೆಂದು ಅವಳಿಗೆ ಗೊತ್ತಿತ್ತು. ಕರಡನ್ನು ಅವಳೇ ಟೈಪ್ ಮಾಡಿದ್ದಳು. ತಾಯಿಗೆ ಕಾಯಿಲೆ ಬಂದಾಗ ಮಗುವನ್ನು ಮನೆಯವರು ವಹಿಸಿಕೊಂಡರೆ ತಾಯಿಗೂ ನೆಮ್ಮದಿ ಎಂದು. ತಾಯಿಯ ಬಾಯಲ್ಲೇ ಬಂದ ಮಾತಿಗಿಂತ ದೊಡ್ಡ ಸಾಕ್ಷಿ ಬೇಕೆ? ಇಪ್ಪತ್ಮೂರರ ಮಗುವಿಗೆ ಈಗ ಏಳು ತಿಂಗಳು. ನಾಲ್ಕು ತಿಂಗಳಿನಿಂದ ಅದು ಮಹಡಿಯ ಮೇಲೆ ಅಜ್ಜಿಯ ಕೋಣೆಯಲ್ಲಿ, ತಾಯಿ ಕೆಳಗೆ.

ಉಳಿದದ್ದನ್ನು ಅವಳು ಆ ದಿನ ಮುಗಿಸಲಿಲ್ಲ. ಕಿವಿ ನೋವೆಂದು ಹೇಳಿ ಹೊರಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ತನ್ನ ಮೇಲೆಯೇ ಅನುಮಾನ ಬಂತು. ಅದು ಅವಳಿಗೆ ಹೊಸದಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಮಗಳು ಹುಟ್ಟಿದ ಎರಡನೇ ತಿಂಗಳಲ್ಲಿ, ಹಾಲಿಗೆ ಯಾರೋ ಏನೋ ಬೆರೆಸುತ್ತಿದ್ದಾರೆಂದು ನಂಬಿ ಮೂರು ದಿನ ಲೋಟ ಮುಟ್ಟದೆ ಕೂತವಳು ಅವಳು. ಅದು ನಿಜವಲ್ಲವೆಂದು ಆಮೇಲೆ ಅವಳಿಗೇ ತಿಳಿಯಿತು. ಕಾಯಿಲೆ ವಾಸಿಯಾಯಿತು. ಆದರೆ ಅವತ್ತಿನಿಂದ ಈವತ್ತಿನವರೆಗೆ ಅವಳು ಯಾವುದನ್ನು ಅನುಮಾನಿಸಿದರೂ, ಹಾಲಿನವನ ಅಳತೆಯನ್ನು ಅನುಮಾನಿಸಿದರೂ ಸರಿ, ಮನೆಯವರು ಮೊದಲು ನೋಡುವುದು ಅವಳ ಮುಖವನ್ನು.

ಗಂಡನಿಗೆ ಹೇಳಬಾರದೆಂದುಕೊಂಡೇ ಹೇಳಿದಳು. ಅವನು ಬಾಗಿಲ ತಿರುಪು ಬಿಗಿಮಾಡುತ್ತ ಕುಕ್ಕರುಗಾಲಲ್ಲಿ ಕೂತಿದ್ದ.

"ಕೆಮ್ಮಿದವರ ಮೇಲೆಲ್ಲ ಅನುಮಾನ ಪಟ್ರೆ ಆಯ್ತಾ? ಚಳಿಗಾಲ ಬಂದ್ರೆ ಏನು ಗತಿ ನಿಂದು?" ಎಂದು ನಕ್ಕ. ಆಮೇಲೆ ತಿರುಪುಳಿ ಕೆಳಗಿಟ್ಟು, "ಮಾತ್ರೆ ತಗೊಂಡ್ಯಾ?" ಎಂದ.

"ಯಾವ ಮಾತ್ರೆ?"

"ಬಿಪಿದು ಕಣೇ. ಇನ್ಯಾವುದು?"

ಇನ್ಯಾವುದೂ ಇಲ್ಲ. ಆ ಹಳೆಯ ಕಾಯಿಲೆಯ ಮಾತ್ರೆ ನಿಂತು ಹದಿನೈದು ವರ್ಷವಾಗಿದೆ. ಅದು ಅವನಿಗೂ ಗೊತ್ತು. ಆದರೂ ಈ ಪ್ರಶ್ನೆ ಅವಳು ಏನಾದರೂ ಹೇಳಿದ ಮೇಲೆಯೇ ಬರುತ್ತದೆ, ಸುಮ್ಮನಿದ್ದಾಗ ಬರುವುದಿಲ್ಲ. ಕೆಟ್ಟವನಲ್ಲ. ಅಷ್ಟೂ ವರ್ಷ ಕೈಬಿಡದೆ ಜೊತೆಗಿದ್ದವನು. ಅದಕ್ಕೇ ಅವನಿಗೆ ಎದುರಾಡುವುದು ಕಷ್ಟ.

ಅಡುಗೆಮನೆಯಲ್ಲಿ ಮಗಳು ಟೀ ಸೋಸುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ತಂದೆ ಒಳಗೆ ಹೋಗಿ ಏನೋ ಹೇಳಿದ. ದನಿ ತಗ್ಗಿತು. ನಲ್ಲಿಯ ನೀರು ಬಿಟ್ಟ ಸದ್ದು, ಮತ್ತೆ ನಿಂತ ಸದ್ದು. ಮಗಳು ಲೋಟ ಹಿಡಿದು ಹೊರಬಂದಾಗ ಅವಳ ನಗು ಒಂದು ಸುತ್ತು ಹೆಚ್ಚೇ ಅಗಲವಾಗಿತ್ತು.

"ಏನಮ್ಮಾ, ಆಫೀಸಲ್ಲಿ ಕಳ್ಳನ್ನ ಹಿಡಿದ್ಯಂತೆ?"

"ನಿಮ್ಮಪ್ಪ ಆಗಲೇ ವರದಿ ಒಪ್ಪಿಸಿದ್ರಾ?"

"ಅಪ್ಪನ ಹೊಟ್ಟೇಲಿ ಏನಾದ್ರೂ ನಿಲ್ಲುತ್ತಾ?" ಮಗಳು ಎದುರು ಕೂತು ಚೀಲದಿಂದ ಒಂದು ಡಬ್ಬಿ ತೆಗೆದಳು. ಕನ್ನಡಕ ಬಿಚ್ಚಿ ಒರೆಸಿ, ಡಬ್ಬಿಯೊಳಗಿಟ್ಟು ಮುಚ್ಚಿದಳು.

ಟಕ್.

ಅವಳು ಟೀ ಲೋಟ ಕೆಳಗಿಟ್ಟಳು. "ಇನ್ನೊಂದು ಸಲ ಮುಚ್ಚು."

"ಏನನ್ನ?"

"ಅದನ್ನ. ಡಬ್ಬಿನ."

ಮಗಳು ಮುಚ್ಚಿದಳು. ಟಕ್. "ಹಳೇ ಮಾಡೆಲ್ಲು ಕಣಮ್ಮಾ, ಒಳಗೆ ಸ್ಪ್ರಿಂಗ್ ಇದೆ. ಹೊಸದೆಲ್ಲ ಸದ್ದೇ ಮಾಡಲ್ಲ. ಇದನ್ನ ಈಗ ವಯಸ್ಸಾದವರು ಮಾತ್ರ ಕೇಳಿ ತಗೊಳ್ಳೋದು. ಮೂಲೇಲಿ ಧೂಳು ಹಿಡೀತಿತ್ತು, ಒಂದು ಎತ್ಕೊಂಡ್ಬಂದೆ."

ವಯಸ್ಸಾದವರು. ಅವಳು ಟೀ ಕುಡಿದಳು, ರುಚಿ ತಿಳಿಯಲಿಲ್ಲ. ಹಾಗಾದರೆ ಕಿಟಕಿಯಾಚೆಯ ನೆರೆಯವರಲ್ಲ. ಕನ್ನಡಕದ ಡಬ್ಬಿಯ ಸದ್ದು ಮೈಕಿಗೆ ಅಷ್ಟು ಚೆನ್ನಾಗಿ ಸಿಗಬೇಕಾದರೆ ಅದು ಅದೇ ಕೋಣೆಯಲ್ಲಿರಬೇಕು.

"ಅಮ್ಮಾ," ಮಗಳು ಡಬ್ಬಿಯನ್ನು ತೆರೆದು ಮುಚ್ಚಿ ಮಾಡುತ್ತಲೇ ಕೇಳಿದಳು, "ನಿನ್ನ ಆಫೀಸಲ್ಲಿ ಬರೀ ಇಂಥ ಮನೆಗಳ ಕತೇನೇ ಕೇಳ್ತೀಯಲ್ಲ. ಬೇಜಾರಾಗಲ್ವಾ? ನಿಂಗೂ ಆಗಿತ್ತಲ್ಲ ಆಗ."

"ಕೆಲಸ ಅದು."

"ಅಜ್ಜಿ ಹೇಳ್ತಿದ್ರು. ಡಾಕ್ಟ್ರು ಕೇಳಿದ್ದಕ್ಕೆ ನೀನೇ ಅಂದ್ಯಂತೆ, ನನ್ನ ಕೈಲಾಗಲ್ಲ, ಕರ್ಕೊಂಡ್ಹೋಗ್ಲಿ ಅಂತ. ನಾನು ಹನ್ನೊಂದು ತಿಂಗಳು ಅಜ್ಜಿ ಮನೇಲಿದ್ನಂತೆ." ಮಗಳ ದನಿಯಲ್ಲಿ ದೂರಿರಲಿಲ್ಲ. ಯಾರದೋ ಮನೆಯ ಹಳೆಯ ಸುದ್ದಿ ಹೇಳಿದಂತಿತ್ತು. "ಒಳ್ಳೇದೇ ಆಯ್ತು ಬಿಡು."

ಅಜ್ಜಿ ಎಂದರೆ ಅವಳ ಸ್ವಂತ ತಾಯಿ. ತೀರಿಕೊಂಡು ಎರಡು ವರ್ಷ. ಆ ದಿನ ಡಾಕ್ಟರ ಎದುರು ಎರಡು ಕುರ್ಚಿ ಇದ್ದವು, ಒಂದರಲ್ಲಿ ಅಮ್ಮ ಕೂತಿದ್ದಳು ಎಂದು ಹೇಳಬೇಕೆನಿಸಿತು. ಬಾಯಿ ತೆರೆದಳು. ಅಷ್ಟರಲ್ಲಿ ಮಗಳ ಕಣ್ಣು ಬಾಗಿಲ ಬಳಿಯ ಅಪ್ಪನ ಕಡೆ ಹೋಗಿ ಬಂತು. ಒಂದೇ ಕ್ಷಣ.

"ಹೂಂ," ಎಂದಳು, "ಒಳ್ಳೇದೇ ಆಯ್ತು."

ಮರುದಿನ ರೇಡಿಯೋ ರಜೆ. ತಂಗಿಯ ಮಗುವಿಗೆ ಜ್ವರವಂತೆ. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗೋಡೆಯ ಗಡಿಯಾರಕ್ಕೂ ಬಾಯಿದೆಯೆಂದು ಅವಳಿಗೆ ಅಂದೇ ತಿಳಿದದ್ದು. ಹತ್ತೂವರೆಗೆ ಸಂಶೋಧಕಿ ಓಡುತ್ತಲೇ ಬಂದಳು. ಮೂವತ್ತು ದಾಟಿರಲಿಲ್ಲ. ಹೆಗಲ ಮೇಲಿನ ಚೀಲ ಇಳಿಸಿದ್ದನ್ನು ಯಾರೂ ನೋಡಿದವರಿಲ್ಲ.

"ಅಕ್ಕಾ, ಪ್ಲೀಸ್, ಇದೊಂದು ಸಲ ಇಪ್ಪತ್ಮೂರರ ಬಿ ನೀವೇ ಮಾಡ್ಬಿಡಿ. ಎ, ಬಿ ಎರಡೂ ನಾಲ್ಕು ಗಂಟೆಗೆ ನಿರ್ದೇಶಕರ ಫೋಲ್ಡರಿಗೆ ಹೋಗ್ಬೇಕು. ಆಮೇಲೆ ಅವರು ಊರಲ್ಲಿರಲ್ಲ."

"ನಾನು ಎರಡೂ ಕೇಳಬಾರದಲ್ಲ ಮೇಡಂ?"

"ನೀವು ಟೈಪ್ ತಾನೇ ಮಾಡೋದು, ಅರ್ಥ ಮಾಡಲ್ವಲ್ಲ," ಎಂದು ಸಂಶೋಧಕಿ ನಕ್ಕಳು. ಚುಚ್ಚಬೇಕೆಂದು ಆಡಿದ ಮಾತಲ್ಲ. ಚುಚ್ಚಿದ್ದು ಅವಳಿಗೆ ತಿಳಿಯಲೂ ಇಲ್ಲ.

'ಬಿ' ಅಂದರೆ ಇಪ್ಪತ್ಮೂರರ ಅತ್ತೆ. ಸಾವಧಾನದ, ತಿದ್ದಿದಂಥ ದನಿ. "ನಾನು ಮಗಳ ಹಾಗೇ ನೋಡ್ಕೊಂಡಿದೀನಿ ಮೇಡಂ. ಊಟ ತಿಂಡಿ ಎಲ್ಲ ಕೂತಲ್ಲಿಗೆ. ಮಗು ವಿಷಯದಲ್ಲಿ ನಾನೇನೂ ಬಲವಂತ ಮಾಡ್ಲಿಲ್ಲ. ನೀವೇ ಕೇಳಿದ್ರಲ್ಲ, ಅವಳ ಬಾಯಲ್ಲೇ ಬಂತಲ್ಲ."

ಕೆಮ್ಮು. ಎರಡು ಸಲ. ಟಕ್.

ಅವಳ ಕಾಲು ತಾನಾಗಿ ಎದ್ದಿತು. ಮತ್ತೆ ಕೇಳಿದಳು. 'ಎ' ತೆರೆದು ಆರು ನಿಮಿಷ ನಲವತ್ತಕ್ಕೆ ಹೋದಳು. ಮತ್ತೆ 'ಬಿ'. ಅದೇ ಒಣ ಕೆಮ್ಮು, ಅದೇ ಜೋಡಿ, ಅದೇ ಡಬ್ಬಿ. ಅತ್ತೆ ಹೇಳಿದ ಮಾತನ್ನೂ ಮತ್ತೊಮ್ಮೆ ಕೇಳಿದಳು. 'ನೀವೇ ಕೇಳಿದ್ರಲ್ಲ, ಅವಳ ಬಾಯಲ್ಲೇ ಬಂತಲ್ಲ.' ಸೊಸೆ ಏನು ಹೇಳಿದಳೆಂದು ಅತ್ತೆಗೆ ಹೇಗೆ ಗೊತ್ತು?

ಒಂದು ಹಾಳೆ ತೆಗೆದುಕೊಂಡು 'ಎ'ಯನ್ನು ನಿನ್ನೆ ನಿಲ್ಲಿಸಿದ ಜಾಗದವರೆಗೆ ಮೊದಲಿಂದ ಕೇಳಿದಳು. ಆರು ಕೆಮ್ಮು. ಆರು ಸಲವೂ ಆ ತಾಯಿ ನಡುವೆ ನಿಂತಿದ್ದಳು, ಅಥವಾ ಹೇಳಿದ್ದನ್ನು ಮಡಚಿ ಬೇರೆ ಹೇಳಿದ್ದಳು. ನಿನ್ನೆ ಟೈಪ್ ಮಾಡುವಾಗ ಅಲ್ಲೆಲ್ಲ ಇವಳೇ 'ಮೌನ, ಮೂರು ಸೆಕೆಂಡು', 'ಮೌನ, ಐದು ಸೆಕೆಂಡು' ಎಂದು ಹಾಕಿದ್ದಳು. ಓದಿದವರಿಗೆ ಏನನಿಸಬೇಕು? ಕಾಯಿಲೆಯ ಹೆಂಗಸು, ಮಾತು ಜೋಡಿಸಲು ಕಷ್ಟಪಡುತ್ತಿದ್ದಾಳೆ ಎಂದು. ವರದಿಯ ಕರಡಿನ ಅಂಚಿನಲ್ಲಿ ಈ ತಾಯಿಯ ಬಗ್ಗೆ ಸಂಶೋಧಕಿ ಬರೆದದ್ದೂ ಅದನ್ನೇ: ಯೋಚನೆಯ ಓಟ ನಿಧಾನ.

ಮಧ್ಯಾಹ್ನ ಅವಳು ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತಳು.

"ಮೇಡಂ, ಇಪ್ಪತ್ಮೂರರ ಎ ಮಾಡುವಾಗ ಅತ್ತೆ ಕೋಣೇಲಿದ್ರಾ?"

ಸಂಶೋಧಕಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಇದ್ರು ಅನ್ಸುತ್ತೆ. ಮೂಲೇಲಿ ಮಂಚದ ಮೇಲೆ. ಯಾಕಕ್ಕಾ?"

"ಫಾರಂನಲ್ಲಿ ಒಬ್ಬರೇ ಅಂತ ಟಿಕ್ ಇದೆ."

"ಅವರು ಒಂದು ಮಾತೂ ಆಡ್ಲಿಲ್ಲ. ರೆಕಾರ್ಡಲ್ಲಿ ಇನ್ನೊಬ್ಬರ ಮಾತಿದ್ರೆ ಇತರರೊಂದಿಗೆ, ಇಲ್ಲದಿದ್ರೆ ಒಬ್ಬರೇ. ನಾನು ಎಲ್ಲಾ ಮನೇಲೂ ಹಾಗೇ ಮಾಡೋದು." ಈಗ ಕಣ್ಣೆತ್ತಿದಳು. "ಅಲ್ಲಕ್ಕಾ, ಆ ಮನೇಲಿ ಇರೋದೇ ಕೆಳಗೊಂದು ಕೋಣೆ. ವಯಸ್ಸಾದವರನ್ನ ಎದ್ದು ಹೊರಗೆ ಹೋಗಿ ಅನ್ನಕ್ಕಾಗುತ್ತಾ?"

ಎಲ್ಲಾ ಮನೆಯಲ್ಲೂ. ಅವಳಿಗೆ ಹಿಂದಿನ ಇಪ್ಪತ್ತೆರಡು ಮನೆಗಳ 'ಒಬ್ಬರೇ' ನೆನಪಾಯಿತು.

"ಅವರು ಕೆಮ್ಮಿದಾಗೆಲ್ಲ ಇವರು ಮಾತು ಬದಲಾಯಿಸ್ತಾರೆ ಮೇಡಂ. ಆರು ಸಲ. ನಾನು ಲೆಕ್ಕ ಹಾಕಿದೀನಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೆಮ್ಮು ಎಣಿಸಿ ಹಾಳೆಯ ಮೇಲೆ ಬರೆದುಕೊಂಡು ಬಂದ ನಡುವಯಸ್ಸಿನ ಹೆಂಗಸು ಎದುರಿನವರಿಗೆ ಹೇಗೆ ಕಂಡಾಳು? ಸಂಶೋಧಕಿಯ ಮುಖ ಮೆತ್ತಗಾಯಿತು. ಆ ಮೆದುತನ ಅವಳಿಗೆ ಚಿರಪರಿಚಿತ. ಆಸ್ಪತ್ರೆಯಲ್ಲಿ ಕಂಡಿದ್ದಳು, ನಿನ್ನೆ ಅಡುಗೆಮನೆಯ ಬಾಗಿಲಲ್ಲಿ ಕಂಡಿದ್ದಳು.

"ಅಕ್ಕಾ, ನೀವು ಇದನ್ನ ತುಂಬಾ ಮನಸ್ಸಿಗೆ ಹಚ್ಕೊಂಡಿದೀರಾ. ಇಂಥವನ್ನೇ ಕೇಳ್ತಾ ಕೂತ್ರೆ ಯಾರಿಗಾದ್ರೂ ಹಾಗಾಗುತ್ತೆ. ಬೇಕಿದ್ರೆ ಒಂದು ವಾರ ಬೇರೆ ಕೆಲಸ ಕೊಡ್ಲಾ? ಕೆಮ್ಮುಗಿಮ್ಮು ಬಿಟ್ಬಿಡಿ, ಮಾತು ಮಾತ್ರ ಸಾಕು ನಮಗೆ."

"ಸರಿ ಮೇಡಂ," ಎಂದಳು.

ಸಂಶೋಧಕಿಗೆ ಯಾರಾದರೂ ಹೇಳಿದ್ದಾರೆಯೇ? ಕೆಲಸಕ್ಕೆ ಸೇರುವಾಗಿನ ಕಾಗದದಲ್ಲಿ ಹಳೆಯ ಕಾಯಿಲೆ ಬರೆದಿದ್ದಳೇ, ಇಲ್ಲವೇ? ಮೇಜಿಗೆ ಮರಳುವಷ್ಟರಲ್ಲಿ ಇಷ್ಟೂ ಅನುಮಾನ ಬಂದು ಹೋದವು. ಅವಳು ಅವುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟಳು. ಇವು ನಿಜವಿರಬಹುದು, ಇಲ್ಲದಿರಬಹುದು. ಕೆಮ್ಮು ಮಾತ್ರ ಇದೆ. ರೆಕಾರ್ಡಿನಲ್ಲಿದೆ. ಹಾಲಿನ ಲೋಟದಲ್ಲಿ ಏನೂ ಇರಲಿಲ್ಲ, ಆದರೆ ಇದರಲ್ಲಿ ಇದೆ.

ಮೂರು ಗಂಟೆ ಹತ್ತು ನಿಮಿಷ. 'ಎ'ಯ ಕೊನೆಯ ಭಾಗ ಇನ್ನೂ ಉಳಿದಿತ್ತು. ಪೆಡಲ್ ಒತ್ತಿದಳು. ಪ್ರಶ್ನೆ, ಉತ್ತರ. ಎಲ್ಲ ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು. ನಡುವೆ ಮೂರು ಸಲ ಕೆಮ್ಮು. ಹಾಳೆಯ ಮೇಲಿನ ಆರು ಒಂಬತ್ತಾಯಿತು. ಸಂಶೋಧಕಿ ಧನ್ಯವಾದ ಹೇಳಿದ್ದು, ಚೀಲದ ಜಿಪ್ ಎಳೆದದ್ದು ಕೇಳಿಸಿತು. ಸಾಮಾನ್ಯವಾಗಿ ಇಲ್ಲಿಗೆ ಟೈಪಿಂಗ್ ನಿಲ್ಲಿಸುತ್ತಾರೆ. ಆದರೆ ರೆಕಾರ್ಡ್ ಇನ್ನೂ ಓಡುತ್ತಿತ್ತು.

"ಮೇಡಂ, ಇದ್ರಲ್ಲಿ ಎಲ್ಲಾ ಬಿದ್ದಿರುತ್ತಾ?" ತಾಯಿಯ ದನಿ.

"ಹೂಂ, ಎಲ್ಲಾ."

"ಸಣ್ಣ ಸದ್ದೂ?"

"ಸಣ್ಣ ಸದ್ದೂ ಬೀಳುತ್ತೆ. ಒಳ್ಳೇ ಮೈಕು ಇದು."

ಮೌನ. ಅವಳು ಅಭ್ಯಾಸಬಲದಿಂದ ಎಣಿಸಿದಳು. ನಾಲ್ಕು ಸೆಕೆಂಡು.

"ಹಾಗಾದ್ರೆ ಸರಿ," ಎಂದಳು ಆ ತಾಯಿ.

ಅವಳು ಕಾಲೆತ್ತಿ ಹಾಗೆಯೇ ಕೂತಳು. ತೊಡೆಯ ಮೇಲೆ, ಮಂಡಿಗೆ ಸ್ವಲ್ಪ ಮೇಲೆ, ಒಂದು ಕೈಯ ಭಾರ ಬಿದ್ದಂತಾಯಿತು. ಡಾಕ್ಟರ ಮೇಜಿನ ಕೆಳಗೆ ಅಮ್ಮನ ಕೈ. ಮಗುವನ್ನು ನಿಮ್ಮ ತಾಯಿಯ ಮನೆಗೆ ಕಳಿಸೋಣವೇ ಎಂದು ಡಾಕ್ಟರು ಕೇಳಿದಾಗ ಅದು ಒತ್ತಿತು. ಜೋರಾಗಿಯಲ್ಲ. ಹೂಂ ಅನ್ನು, ಎಂಬಷ್ಟು. ಅಮ್ಮನಿಗೆ ಪ್ರೀತಿಯಿತ್ತು, ಭಯವೂ ಇತ್ತು. ಯಾವುದು ಎಷ್ಟೆಂದು ಇವತ್ತಿಗೂ ತಿಳಿಯದು. ಅವಳು "ನನ್ನ ಕೈಲಾಗಲ್ಲ, ಕರ್ಕೊಂಡ್ಹೋಗ್ಲಿ" ಎಂದಳು. ಡಾಕ್ಟರು ಬರೆದರು: ತಾಯಿ ಸ್ವಇಚ್ಛೆಯಿಂದ ಒಪ್ಪಿದ್ದಾರೆ. ಆ ಕಾಗದ ಬೀರುವಿನ ಕೆಳಗಿನ ಅರೆಯಲ್ಲಿ ಇನ್ನೂ ಇದೆ. ಅದರಲ್ಲಿ ಕೈ ಇಲ್ಲ. ಕೈಗೆ ಸದ್ದಿರಲಿಲ್ಲ, ಕೇಳಲು ಮೈಕೂ ಇರಲಿಲ್ಲ.

ಫೋನ್ ನಡುಗಿತು. ಗಂಡ.

"ಮಧ್ಯಾಹ್ನ ಊಟ ಮಾಡ್ದ್ಯಾ? ನಿನ್ನೆಯಿಂದ ಒಂಥರಾ ಇದ್ದೀಯ. ಹುಷಾರಿದ್ದೀಯ ತಾನೇ?"

"ಹುಷಾರಾಗೇ ಇದೀನಿ."

"ಆ ಕೆಮ್ಮಿನ ವಿಷಯ ಬಿಟ್ಟೆ ತಾನೇ?"

ಅವಳು ಪರದೆಯ ಮೇಲಿನ ಗಡಿಯಾರ ನೋಡಿದಳು. ಮೂರು ಇಪ್ಪತ್ತೆರಡು. "ಕೆಲಸ ಸ್ವಲ್ಪ ಉಳಿದಿದೆ, ಮುಗಿಸಿ ಬರ್ತೀನಿ," ಎಂದಳು.

ಫೋನ್ ಮಗುಚಿಟ್ಟಳು. ಟೈಪ್ ಮಾಡಿದ ಮೊದಲ ಪುಟದ ತಲೆಯಲ್ಲಿ 'ಒಟ್ಟು ಧ್ವನಿಗಳು' ಎಂಬ ಜಾಗವಿತ್ತು. ಅದನ್ನು ತುಂಬುವುದು ಟೈಪ್ ಮಾಡುವವರ ಕೆಲಸ. ಅಲ್ಲಿ ನಿನ್ನೆ ಅವಳೇ ಎರಡು ಎಂದು ಹಾಕಿದ್ದಳು. ಅಳಿಸಿ ಮೂರು ಮಾಡಿದಳು. ಪಕ್ಕದ ಕೋಣೆಯಿಂದ ಸಂಶೋಧಕಿ ಯಾರೊಂದಿಗೋ ಫೋನಿನಲ್ಲಿ ನಗುವುದು ಕೇಳಿಸುತ್ತಿತ್ತು. ನಾಳೆ ನಿರ್ದೇಶಕರು ಓದುತ್ತಾರೆ. ಇದೇನೆಂದು ಕೇಳಬಹುದು, ಕೇಳದಿರಬಹುದು. ಕರೆಸಿದರೆ ನಿಯಮದ ಹಾಳೆ ತೋರಿಸಬಹುದು: ರೆಕಾರ್ಡಿನಲ್ಲಿ ಇರುವುದೆಲ್ಲ ಬರಬೇಕು. ಬೇರೆ ಕೆಲಸ ಕೊಟ್ಟರೆ ಕೊಡಲಿ.

ಆರು ನಿಮಿಷ ನಲವತ್ತಕ್ಕೆ ಹೋದಳು. 'ಆದ್ರೆ ಅವರು' ಎಂಬುದರ ಕೆಳಗೆ ಮಾತಿನ ನಡುವೆ ಜಾಗ ಮಾಡಿ, ಹೊಸ ಸಾಲಿನಲ್ಲಿ ಬರೆದಳು.

ಧ್ವನಿ ಮೂರು: (ಕೆಮ್ಮು, ಎರಡು ಸಲ. ಡಬ್ಬಿ ಮುಚ್ಚಿದ ಸದ್ದು.)

ಇನ್ನೂ ಎಂಟು ಕೆಮ್ಮು ಉಳಿದಿದ್ದವು. ಹೆಬ್ಬೆರಳು ಪೆಡಲಿನ ಎಡಗಡೆಯನ್ನು ಹುಡುಕಿಕೊಂಡಿತು.